ಜ್ವರಕ್ಕೂ ಫಾರ್ಮ್ಯಾಟ್, ಕೆಮ್ಮಿಗೂ ಫಾರ್ಮ್ಯಾಟ್!

ಈ ಸಲ ಸ್ವಲ್ಪ ಸಿಟ್ಟಿನಿಂದಲೇ ಬರೆಯಲು ಕೂತಿದ್ದೇವೆ. ಸಿಟ್ಟು ಯಾರೊಬ್ಬರ ಮೇಲೆಯೂ ಅಲ್ಲ, ನಮ್ಮ ಶಾಲೆಗಳಲ್ಲಿ ಬೇರು ಬಿಟ್ಟಿರುವ ಒಂದು ಅಭ್ಯಾಸದ ಮೇಲೆ. ಗಣಕಯಂತ್ರಕ್ಕೆ ಏನೇ ಆಗಲಿ, ಮದ್ದು ಒಂದೇ. ಯಂತ್ರ ನಿಧಾನವಾದರೆ ಫಾರ್ಮ್ಯಾಟ್, ಪ್ರಿಂಟರ್ ಹಠ ಹಿಡಿದರೆ ಫಾರ್ಮ್ಯಾಟ್, ಮಕ್ಕಳು ಆಟ ಆಡುತ್ತಿರುವಾಗ ಸದ್ದು ನಿಂತರೂ ಫಾರ್ಮ್ಯಾಟ್! ಹಿಂದಿನ ಕಾಲದ ಕಾಂಪೌಂಡರು ಎಲ್ಲ ಕಾಯಿಲೆಗೂ ಒಂದೇ ಬಾಟಲಿಯಿಂದ ಕೆಂಪು ನೀರು ಸುರಿದು ಕೊಡುತ್ತಿದ್ದರಲ್ಲ, ಹಾಗೆ. ವ್ಯತ್ಯಾಸ ಇಷ್ಟೇ: ಆ ಕೆಂಪು ನೀರಿನಿಂದ ಯಾರ ನೆನಪೂ ಅಳಿದುಹೋಗುತ್ತಿರಲಿಲ್ಲ.

ನಡೆದದ್ದನ್ನು ಮೊದಲು ಹೇಳುತ್ತೇವೆ.

ಮಳೆಗಾಲದ ಒಂದು ಮಧ್ಯಾಹ್ನ. ಎರಡನೇ ತರಗತಿಯ ಮಕ್ಕಳು ಗಣಕದ ಕೋಣೆಯಲ್ಲಿ ಜಿಕಾಂಪ್ರಿ ಆಡುತ್ತಿದ್ದರು. ಗೊತ್ತಿಲ್ಲದವರಿಗೆ ಒಂದು ಮಾತು: ಇದು ಫ್ರಾನ್ಸಿನ ಬ್ರೂನೋ ಕೂಡ್ವಾಂ ಎಂಬವರು 2000ದಲ್ಲಿ ಶುರುಮಾಡಿದ ಮಕ್ಕಳ ಆಟಗಳ ಕಟ್ಟು, ಸ್ವತಂತ್ರ ತಂತ್ರಾಂಶ. ಹೆಸರನ್ನು ಫ್ರೆಂಚಿನಲ್ಲಿ ಉಚ್ಚರಿಸಿದರೆ "ನನಗೆ ಅರ್ಥವಾಯಿತು" ಎಂದಾಗುತ್ತದಂತೆ. ಅದರಲ್ಲಿ ಒಂದು ಆಟ ಉಂಟು. ಯಂತ್ರ ಒಂದು ಅಕ್ಷರದ ಹೆಸರು ಹೇಳುತ್ತದೆ, ಮಗು ಆ ಅಕ್ಷರವನ್ನು ಹುಡುಕಿ ಒತ್ತಬೇಕು. ಸರಿಯಾದರೆ ಶಹಬ್ಬಾಸ್. ಮನೆಯಲ್ಲಿ ತುಳು, ಅಂಗಡಿಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ ಕೇಳುವ ನಮ್ಮ ಮಕ್ಕಳಿಗೆ ಇಂಗ್ಲಿಷ್ ಅಕ್ಷರ ಕಿವಿಗೆ ಬೀಳುವುದು ಹೆಚ್ಚಾಗಿ ಅಲ್ಲಿಯೇ.

ಆಟ ಕಾವೇರಿದ ಹೊತ್ತಿಗೆ ಮೂಲೆಯ ಯಂತ್ರದಿಂದ ಒಬ್ಬ ಬೊಬ್ಬೆ ಹಾಕಿದ: "ಮಾಷ್ಟ್ರೇ, ಇದರ ಸ್ವರ ಹೋಯ್ತು!"

ಸ್ವರ ಹೋಯಿತು. ನೆಗಡಿಯಾದ ಅಜ್ಜನ ಬಗ್ಗೆ ಹೇಳಿದ ಹಾಗೆ. ಚಿತ್ರ ಓಡುತ್ತಿತ್ತು, ಅಕ್ಷರಗಳು ಬರುತ್ತಿದ್ದವು, ಸದ್ದು ಮಾತ್ರ ಇಲ್ಲ. ನಾವು ಯಂತ್ರವನ್ನು ಆಫ್ ಮಾಡಿ ಆನ್ ಮಾಡಿದೆವು. ಇಲ್ಲ. ಸ್ಪೀಕರಿನ ತಲೆಗೊಂದು ಏಟು ಕೊಟ್ಟೆವು (ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇವೆ). ಇಲ್ಲ. ಸಹೋದ್ಯೋಗಿಯೊಬ್ಬರು ಬಾಗಿಲಲ್ಲಿ ನಿಂತು, "ಗೇಮ್ ಹಾಕಿದರೆ ಹಾಗೆಯೇ ಮಾರಾಯ್ರೆ, ವೈರಸ್ ಬಂದಿರ್ತದೆ" ಎಂದು ತೀರ್ಪು ಕೊಟ್ಟರು. ಸಂಜೆಗೆ ಆ ಯಂತ್ರದ ಮೇಲೆ ಬಟ್ಟೆ ಮುಚ್ಚಿತು. ಮೂರು ವಾರ ಕಳೆದು ಪೇಟೆಯಿಂದ ರಿಪೇರಿಯ ಹುಡುಗ ಬಂದ, ಅರ್ಧ ನಿಮಿಷ ನೋಡಿದ, "ಫಾರ್ಮ್ಯಾಟ್ ಮಾಡಬೇಕು ಸರ್" ಎಂದ. ನಾವು ಮಕ್ಕಳ ಪರೀಕ್ಷೆಯ ಪೇಪರು ತಿದ್ದುತ್ತಾ "ಆಯ್ತು ಮಾಡಪ್ಪಾ" ಎಂದೆವು.

ಆ ಎರಡು ಶಬ್ದಗಳಿಗೆ ನಾವು ಕೊಟ್ಟ ಬೆಲೆ ಕೇಳಿ. ಆ ಯಂತ್ರದಲ್ಲಿ ಹಿಂದಿನ ವರ್ಷದ ನಾಲ್ಕನೇ ತರಗತಿಯ ಮಕ್ಕಳು ಮಾಡಿದ ಧ್ವನಿಮುದ್ರಣಗಳಿದ್ದವು. ಅಜ್ಜಿಯಂದಿರನ್ನು ಶಾಲೆಗೆ ಕರೆತಂದು, ಹೆಡ್‌ಫೋನಿನ ಮೈಕಿನ ಮುಂದೆ ಕೂರಿಸಿ, ಆಡಾಸಿಟಿಯಲ್ಲಿ ಒಗಟು, ಮದುವೆಯ ಹಾಡು, ನಾಟಿಯ ಹಾಡು ಹೇಳಿಸಿದ್ದರು. ಒಟ್ಟು ಇಪ್ಪತ್ತಮೂರು. ಒಬ್ಬ ಅಜ್ಜಿಯಂತೂ ಹಾಡು ಮುಗಿಸಿ, "ಇದು ಈಗ ಇದರ ಒಳಗೆ ಹೋಯಿತಾ?" ಎಂದು ಕೇಳಿದ್ದು ಕೂಡ ದಾಖಲಾಗಿತ್ತು. ಎಲ್ಲ ಹೋಯಿತು. ಆ ಅಜ್ಜಿಯೂ ಈಗ ಇಲ್ಲ. ಮೊಮ್ಮಗಳು ಹೈಸ್ಕೂಲಿನಲ್ಲಿದ್ದಾಳೆ. ಮೊನ್ನೆ ಬಂದು "ಅಜ್ಜಿಯ ಸ್ವರ ಒಂದು ಪೆನ್‌ಡ್ರೈವಿಗೆ ಹಾಕಿ ಕೊಡ್ತೀರಾ" ಎಂದು ಕೇಳಿದಳು. ಏನು ಹೇಳುವುದು?

ಇದರಲ್ಲಿ ತಪ್ಪು ರಿಪೇರಿಯವನದ್ದಲ್ಲ. ಅವನಿಗೆ ಗೊತ್ತಿದ್ದದ್ದನ್ನು ಅವನು ಮಾಡಿದ. ಪ್ರತಿ ತೆಗೆದಿಡದೆ "ಆಯ್ತು" ಎಂದವರು ನಾವು.

ಇನ್ನು ತಮಾಷೆ ನೋಡಿ. ಫಾರ್ಮ್ಯಾಟ್ ಆದ ಮೇಲೆ ಎರಡು ದಿನ ಸದ್ದು ಬಂತು. ಮೂರನೇ ದಿನ ಜೋರು ಮಳೆ, ಮತ್ತೆ ಸ್ವರ ಹೋಯಿತು! ಆಗ ಏಳನೇ ತರಗತಿಯ ಹುಡುಗಿಯೊಬ್ಬಳು ಹೆಡ್‌ಫೋನಿನ ಪಿನ್ನನ್ನು ತೂತಿಗೆ ಹಾಕಿ, ತಿರುಗಿಸಿ, ತೆಗೆದಳು. ಸ್ಪೀಕರಿನಿಂದ ಸಂಗೀತ ಹೊರಟಿತು. ಅಷ್ಟೇ. ಕಾಯಿಲೆ ಇದ್ದದ್ದು ಆ ತೂತಿನಲ್ಲಿ. ಈಗಿನ ಯಂತ್ರಗಳಲ್ಲಿ ಹೆಡ್‌ಫೋನ್ ಸಿಕ್ಕಿಸಿದರೆ ಸ್ಪೀಕರಿನ ಬಾಯಿ ತಾನಾಗಿ ಮುಚ್ಚುವ ಏರ್ಪಾಡು ಇರುತ್ತದೆ. ತೂತಿನೊಳಗೆ ಧೂಳು, ಕಡಲತೀರದ ತೇವ, ಕಿಲುಬು ಸೇರಿಕೊಂಡು ಅಲ್ಲಿನ ತಗಡು ಸಿಕ್ಕಿಕೊಂಡರೆ, ಹೆಡ್‌ಫೋನ್ ಇಲ್ಲದಿದ್ದರೂ ಇದೆಯೆಂದು ಯಂತ್ರ ನಂಬುತ್ತದೆ. ಡಿಸ್ಕನ್ನು ಹತ್ತು ಸಲ ಅಳಿಸಿ ಬರೆದರೂ ತೂತಿನ ಕಿಲುಬು ಹೋಗುತ್ತದೆಯೇ? ಮೊದಲ ಸಲ ಸದ್ದು ಬಂದದ್ದು ಅವನು ಯಂತ್ರವನ್ನು ಎತ್ತಿ ಇಟ್ಟು, ವೈರು ಕಳಚಿ ಹಾಕಿದ್ದರಿಂದ. ಹೆಸರು ಮಾತ್ರ ಫಾರ್ಮ್ಯಾಟಿಗೆ.

"ಗೇಮ್ ಹಾಕಿದರೆ ಹಾಗೆಯೇ" ಎಂಬ ಮಾತನ್ನು ಮೊದಲು ವಿಚಾರಿಸೋಣ. ಆಟ ಆಡುವಾಗ ಸದ್ದು ನಿಲ್ಲುತ್ತದೆ, ನಿಜ. ಆದರೆ ನಮ್ಮ ಶಾಲೆಯ ಯಂತ್ರಗಳಲ್ಲಿ ಸದ್ದು ಬೇಕಾಗುವುದೇ ಆಟದಲ್ಲಿ! ಅಂಕಪಟ್ಟಿ ತಯಾರಿಸುವಾಗ ಸದ್ದು ನಿಂತರೆ ಯಾರಿಗೆ ಗೊತ್ತಾಗುತ್ತದೆ? ಬಾವಿಯಲ್ಲಿ ನೀರಿಲ್ಲವೆಂದು ತಿಳಿಯುವುದು ಕೊಡ ಇಳಿಸಿದವನಿಗೆ. ಕೊಡವನ್ನು ದೂರಬೇಡಿ.

ಹಾಗೆಂದು ಆಟಕ್ಕೂ ಸದ್ದಿಗೂ ಸಂಬಂಧವೇ ಇಲ್ಲ ಎನ್ನಲಾರೆವು. ಕೇರಳದ ಶಾಲೆಗಳಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ ಬಂದದ್ದು 2001ರಲ್ಲಿ. ಮುಂದೆ ಲಿನಕ್ಸ್ ಬಂತು. ಆ ಹಳೆಯ ದಿನಗಳಲ್ಲಿ ಎಷ್ಟೋ ಯಂತ್ರಗಳಲ್ಲಿ ಒಂದು ಹೊತ್ತಿಗೆ ಒಂದೇ ತಂತ್ರಾಂಶಕ್ಕೆ ಸದ್ದಿನ ಬಾಗಿಲು ತೆರೆಯುತ್ತಿತ್ತು. ಹಾಡು ಹಾಕಿ ಆಟ ತೆರೆದರೆ ಆಟ ಮೂಕ. ಆಮೇಲೆ ಎಲ್ಲರ ಸದ್ದನ್ನೂ ಒಟ್ಟು ಬೆರೆಸಿ ಕೊಡುವ ಪಲ್ಸ್ ಆಡಿಯೋ ಎಂಬ ಮಧ್ಯವರ್ತಿ ಬಂತು. ಉಬುಂಟುವಿನಲ್ಲಿ 2008ರಿಂದ ಅದೇ ಇತ್ತು, 2022ರ ಅಕ್ಟೋಬರಿನ ಆವೃತ್ತಿಯಿಂದ ಆ ಜಾಗಕ್ಕೆ ಪೈಪ್‌ವೈರ್ ಬಂದಿದೆ. ಈ ಮಧ್ಯವರ್ತಿಗೆ ಒಂದು ಗುಣ ಉಂಟು, ಅದನ್ನು ತಿಳಿದುಕೊಂಡರೆ ಅರ್ಧ ತಲೆನೋವು ಹೋದಂತೆ. ಯಾವ ತಂತ್ರಾಂಶದ ಸದ್ದು ಎಷ್ಟಿತ್ತು, ಬಾಯಿ ಮುಚ್ಚಿತ್ತೋ ತೆರೆದಿತ್ತೋ, ಯಾವ ಸ್ಪೀಕರಿಗೆ ಹೋಗುತ್ತಿತ್ತು ಎಂಬುದನ್ನು ಅದು ಬೇರೆಬೇರೆಯಾಗಿ ನೆನಪಿಟ್ಟುಕೊಳ್ಳುತ್ತದೆ. ಹಾಗಾಗಿ ವಿಡಿಯೋದಲ್ಲಿ ಸದ್ದು ಬರುತ್ತದೆ, ಆ ಒಂದು ಆಟದಲ್ಲಿ ಮಾತ್ರ ಇಲ್ಲ. ಆಫ್ ಮಾಡಿ ಆನ್ ಮಾಡಿದರೂ ಇಲ್ಲ. ಆಟವನ್ನು ಅಳಿಸಿ ಹೊಸದಾಗಿ ಹಾಕಿದರೂ ಇಲ್ಲ! ಏಕೆಂದರೆ ನೆನಪು ಇರುವುದು ಆಟದೊಳಗಲ್ಲ, ಬಳಕೆದಾರನ ಹೋಮ್ ಫೋಲ್ಡರಿನಲ್ಲಿ. ಮದ್ದೂ ಅಲ್ಲೇ ಹತ್ತಿರದಲ್ಲಿದೆ. ಆಟವನ್ನು ಮುಚ್ಚದೆ, ಅದು ಓಡುತ್ತಿರುವಾಗಲೇ, ಸದ್ದಿನ ಸೆಟ್ಟಿಂಗ್ಸ್ ತೆರೆದು ಅಲ್ಲಿ ತಂತ್ರಾಂಶಗಳ ಪಟ್ಟಿ ನೋಡಿ. ಆಟದ ಹೆಸರಿನ ಮುಂದೆ ಗೆರೆ ಎಳೆದ ಸ್ಪೀಕರ್ ಚಿತ್ರ ಇದ್ದರೆ ಒಂದು ಸಲ ಒತ್ತಿ. ಮುಗಿಯಿತು. ಆಟ ಮುಚ್ಚಿದ್ದರೆ ಪಟ್ಟಿಯಲ್ಲಿ ಹೆಸರೇ ಇರುವುದಿಲ್ಲ, ನೆನಪಿರಲಿ. ನಾವು ಇದನ್ನು ತಿಳಿಯದೆ ಒಂದು ಇಡೀ ಶನಿವಾರ ಕಳೆದವರು.

ತರಗತಿಯಲ್ಲಿ ನಾವು ಅತಿ ಹೆಚ್ಚು ಕಂಡ ಕಾರಣ ಪ್ರೊಜೆಕ್ಟರ್. ಎಚ್‌ಡಿಎಂಐ ವೈರಿನಲ್ಲಿ ಚಿತ್ರದ ಜೊತೆ ಸದ್ದೂ ಹೋಗುತ್ತದೆ. ವೈರು ಸಿಕ್ಕಿಸಿದ ಕೂಡಲೇ ಯಂತ್ರ ಸದ್ದನ್ನೂ ಪ್ರೊಜೆಕ್ಟರಿನ ಕಡೆಗೆ ತಿರುಗಿಸಿಬಿಡುವುದುಂಟು. ಪ್ರೊಜೆಕ್ಟರಿಗೆ ಬಾಯಿಯೇ ಇರುವುದಿಲ್ಲ, ಇದ್ದರೂ ಗುಬ್ಬಿಯ ಸ್ವರ. ಸೆಟ್ಟಿಂಗ್ಸಿನಲ್ಲಿ ಔಟ್‌ಪುಟ್ ಎಂದಿರುವ ಕಡೆ ನಮ್ಮ ಸ್ಪೀಕರನ್ನು ಆಯ್ದುಕೊಂಡರೆ ಸಾಕು. ಯುಎಸ್‌ಬಿ ಸ್ಪೀಕರಿನದ್ದೂ ಇದೇ ಕತೆ. ಆಟದ ನಡುವೆ ಯಾರದ್ದೋ ಕೈ ತಾಗಿ ವೈರು ಕ್ಷಣ ಕಳಚಿದರೆ ಸದ್ದು ಬೇರೆ ದಾರಿ ಹಿಡಿಯುತ್ತದೆ, ವೈರು ಮರಳಿ ಸಿಕ್ಕಿಸಿದರೂ ಕೆಲವು ಆಟಗಳು ಹಳೆಯ ದಾರಿಗೆ ಬರುವುದಿಲ್ಲ. ಆಟವನ್ನೊಮ್ಮೆ ಮುಚ್ಚಿ ತೆರೆಯಬೇಕು.

ಇಷ್ಟಕ್ಕೂ ಬಗ್ಗದಿದ್ದರೆ ಟರ್ಮಿನಲ್ ತೆರೆದು ಆಲ್ಸಾಮಿಕ್ಸರ್ ಎಂದು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಬಿಡದೆ ಬರೆಯಿರಿ. ಎಫ್ 6 ಒತ್ತಿ ನಿಜವಾದ ಸೌಂಡ್ ಕಾರ್ಡನ್ನು ಆರಿಸಿ. ಕಂಬಗಳ ಬುಡದಲ್ಲಿ ಎರಡು ಎಂ ಅಕ್ಷರ ಕಂಡರೆ ಅದು ಬಾಯಿ ಮುಚ್ಚಿದೆ ಎಂದರ್ಥ, ಕೀಲಿಮಣೆಯ ಎಂ ಒತ್ತಿದರೆ ತೆರೆಯುತ್ತದೆ. ನಮ್ಮ ತೂತಿನ ಕಾಯಿಲೆಗೂ ಮದ್ದು ಅಲ್ಲೇ ಇತ್ತು. ಬಹಳಷ್ಟು ಯಂತ್ರಗಳಲ್ಲಿ ಬಲತುದಿಯಲ್ಲಿ ಆಟೋ ಮ್ಯೂಟ್ ಎಂಬುದು ಇರುತ್ತದೆ, ಅದನ್ನು ಬಾಣದ ಕೀಲಿಯಿಂದ ಡಿಸೇಬಲ್ಡ್ ಮಾಡಿದರೆ ತೂತು ಸುಳ್ಳು ಹೇಳಿದರೂ ಸ್ಪೀಕರ್ ಮಾತಾಡುತ್ತದೆ. ಇನ್ನು ಮಧ್ಯವರ್ತಿಯೇ ಮಧ್ಯದಲ್ಲಿ ತಲೆ ತಿರುಗಿ ಬೀಳುವುದೂ ಉಂಟು, ಹಳೆಯ ಯಂತ್ರದಲ್ಲಿ ಭಾರದ ಆಟ ಓಡಿಸಿದಾಗ ಹೆಚ್ಚು. ಪಲ್ಸ್ ಆಡಿಯೋ ಎಂದು ಕೂಡಿಸಿ ಬರೆದು, ಒಂದು ಜಾಗ ಬಿಟ್ಟು, ಅಡ್ಡಗೆರೆ ಎಳೆದು ಕೆ ಬರೆದು ಎಂಟರ್ ಒತ್ತಿದರೆ ಅದು ಸತ್ತು ಮತ್ತೆ ತಾನಾಗಿ ಏಳುತ್ತದೆ. ಪೈಪ್‌ವೈರ್ ಇರುವ ಹೊಸ ಯಂತ್ರದಲ್ಲಿ ಈ ಅಪ್ಪಣೆ ನಡೆಯುವುದಿಲ್ಲ, ಅಲ್ಲಿ ಲಾಗೌಟ್ ಆಗಿ ಮತ್ತೆ ಒಳಗೆ ಬಂದು ನೋಡಿ.

ಜಿಕಾಂಪ್ರಿಯಲ್ಲಿ ಇನ್ನೊಂದು ವಿಶೇಷ. ಸಂಗೀತ ಕೇಳುತ್ತದೆ, ಅಕ್ಷರದ ಹೆಸರು ಮಾತ್ರ ಕೇಳುವುದಿಲ್ಲ ಎಂದಾದರೆ ಯಂತ್ರಕ್ಕೆ ಏನೂ ಆಗಿಲ್ಲ. ಅದರಲ್ಲಿ ಮಾತು, ಸದ್ದು, ಹಿನ್ನೆಲೆ ಸಂಗೀತ ಇವಕ್ಕೆ ಬೇರೆಬೇರೆ ಗುಂಡಿಗಳಿವೆ, ಮಕ್ಕಳ ಕೈ ಸುಮ್ಮನಿರುತ್ತದೆಯೇ! ಮೇಲಾಗಿ ಭಾಷೆ ಭಾಷೆಗೂ ಮಾತಿನ ಕಡತ ಬೇರೆ, ಅದನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳಬೇಕು. ಇಳಿಸಿಕೊಳ್ಳದ ಭಾಷೆಯನ್ನು ಆರಿಸಿಟ್ಟು ಯಂತ್ರ ಮೂಕ ಎಂದು ದೂರಿದ ಶಾಲೆ ನಮಗೆ ಗೊತ್ತು. ಹೆಸರು ಹೇಳುವುದಿಲ್ಲ.

ಮನೆಯಲ್ಲಿ ವಿಂಡೋಸ್ ಇರುವ ಹೆತ್ತವರಿಗೂ ಎರಡು ಮಾತು. 2020ರಲ್ಲಿ ಪಾಠ ಮನೆಗೆ ಬಂದಾಗ ನಮಗೆ ಬಂದ ಫೋನುಗಳಲ್ಲಿ ಒಂದು ದೂರು ಮತ್ತೆ ಮತ್ತೆ ಇತ್ತು: ಕ್ಲಾಸು ಮುಗಿದ ಮೇಲೆ ಮಗು ಆಟ ಹಾಕಿದರೆ ಸದ್ದು ಪಾತಾಳಕ್ಕೆ. ಮಗು ಮಾಡಿದ್ದಲ್ಲ. ಕರೆ ನಡೆಯುತ್ತಿದೆ ಎಂದು ತಿಳಿದರೆ ಉಳಿದೆಲ್ಲ ಸದ್ದನ್ನು 80 ಶೇಕಡ ಇಳಿಸುವ ವ್ಯವಸ್ಥೆ ವಿಂಡೋಸಿನಲ್ಲಿ ಮೊದಲೇ ಇದೆ. ಕ್ಲಾಸಿನ ತಂತ್ರಾಂಶವನ್ನು ಪೂರ್ತಿ ಮುಚ್ಚದೆ ಬಿಟ್ಟರೆ ಕರೆ ಮುಗಿದದ್ದು ಅದಕ್ಕೆ ತಿಳಿಯದಿರಬಹುದು. ಕಂಟ್ರೋಲ್ ಪ್ಯಾನೆಲಿನ ಸೌಂಡ್ ಒಳಗೆ ಕಮ್ಯುನಿಕೇಶನ್ಸ್ ಎಂಬ ಪುಟದಲ್ಲಿ "ಏನೂ ಮಾಡಬೇಡ" ಎಂಬರ್ಥದ ಕೊನೆಯ ಸಾಲನ್ನು ಆರಿಸಿ. ವಿಂಡೋಸಿನಲ್ಲೂ ತಂತ್ರಾಂಶಕ್ಕೊಂದು ಸದ್ದಿನ ಕಂಬ ಇರುವ ವಾಲ್ಯೂಮ್ ಮಿಕ್ಸರ್ ಇದೆ, ಅದನ್ನೂ ಆಟ ಓಡುತ್ತಿರುವಾಗಲೇ ನೋಡಬೇಕು. ಎಲ್ಲ ಕಡೆ ಸದ್ದು ಹೋಗಿದ್ದರೆ ಸರ್ವಿಸಸ್ ಪಟ್ಟಿಯಲ್ಲಿ ವಿಂಡೋಸ್ ಆಡಿಯೋ ಎಂಬುದನ್ನು ರೀಸ್ಟಾರ್ಟ್ ಮಾಡಿ. ಬ್ಲೂಟೂತ್ ಹೆಡ್‌ಸೆಟ್ಟಿನಲ್ಲಿ ಆಟ ಮೈಕನ್ನು ತೆರೆದ ಕೂಡಲೇ ಸದ್ದು ಡಬ್ಬಿಯೊಳಗಿನಿಂದ ಬಂದಂತೆ ಆಗುವುದೂ ಕಾಯಿಲೆಯಲ್ಲ. ಅದು ಹಾಡಿನ ದಾರಿ ಬಿಟ್ಟು ಫೋನಿನ ದಾರಿ ಹಿಡಿದಿರುತ್ತದೆ.

ಈಗ ಮುಖ್ಯ ಜಗಳಕ್ಕೆ ಬರೋಣ. "ಮಾಷ್ಟ್ರ ಕೆಲಸ ಪಾಠ ಮಾಡುವುದು, ರಿಪೇರಿ ಮಾಡುವುದಲ್ಲ" ಎಂದು ನಮ್ಮವರೇ ಹೇಳುತ್ತಾರೆ. ಈ ಮಾತಿನಲ್ಲಿ ನ್ಯಾಯ ಇಲ್ಲದಿಲ್ಲ. ಮಧ್ಯಾಹ್ನದ ಊಟದ ಲೆಕ್ಕ, ಚುನಾವಣೆಯ ಕೆಲಸ, ಸಮೀಕ್ಷೆ... ಮೇಲಿಂದ ಮೇಲೆ ಬಿದ್ದು ಬೆನ್ನು ಬಾಗಿದೆ. ನಾವೂ ಅದೇ ಬೆನ್ನಿನವರು. ಆದರೆ ನಾವು ಕೇಳುತ್ತಿರುವುದು ಬೆಸುಗೆ ಹಾಕಿ ಎಂದಲ್ಲ. ಮಗು ಓದದಿದ್ದರೆ ಕಣ್ಣಿನ ತೊಂದರೆಯೋ, ಹಸಿವೋ, ಅಕ್ಷರವೇ ಗೊತ್ತಿಲ್ಲವೋ ಎಂದು ಒಂದೊಂದಾಗಿ ನೋಡುತ್ತೇವಲ್ಲ, ಅದೇ ವಿದ್ಯೆ ಇಲ್ಲೂ ಸಾಕು. ಐದನೇ ತರಗತಿಯಲ್ಲಿ "ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಬೇಕು" ಎಂದು ಬೀಜ ಮೊಳೆಯುವ ಪ್ರಯೋಗ ಮಾಡಿಸುವವರು ನಾವು. ಪಕ್ಕದ ಕೋಣೆಯಲ್ಲಿ ಗಣಕ ಕೆಟ್ಟರೆ ಎಲ್ಲವನ್ನೂ ಒಂದೇ ಸಲ ಅಳಿಸಲು ಒಪ್ಪುತ್ತೇವೆ! ಆ ಮಕ್ಕಳು ಯಾವುದನ್ನು ನಂಬಬೇಕು?

ಇನ್ನೊಂದು ಮಾತು ಇನ್ನೂ ನೋಯಿಸುತ್ತದೆ. "ನಾವು ಕನ್ನಡ ಮಾಧ್ಯಮದವರು, ಇದೆಲ್ಲ ನಮಗೆ ಹೇಳಿದ್ದಲ್ಲ." ಇದನ್ನು ಹೊರಗಿನವರು ಹೇಳಿದರೆ ಹೋರಾಟಕ್ಕೆ ಇಳಿಯುತ್ತೇವೆ. ಸ್ಟಾಫ್ ರೂಮಿನಲ್ಲಿ ನಾವೇ ಹೇಳಿಕೊಳ್ಳುತ್ತೇವೆ, ನಗುತ್ತಾ. ನಿಜ, ನಮ್ಮ ಸ್ಥಿತಿ ಸುಲಭದ್ದಲ್ಲ. ತರಬೇತಿ ಮಲಯಾಳದಲ್ಲಿ, ಪರದೆ ಇಂಗ್ಲಿಷಿನಲ್ಲಿ, ಪಾಠ ಕನ್ನಡದಲ್ಲಿ, ಮಗುವಿನ ಮನೆ ತುಳುವಿನಲ್ಲಿ. ತರಬೇತಿಯಲ್ಲಿ ನಾವು ಅರ್ಧ ಅರ್ಥ ಮಾಡಿಕೊಂಡು ಬರುತ್ತೇವೆ, ಆ ಅರ್ಧದಲ್ಲಿ ಅರ್ಧ ಶಾಲೆಯ ಗೇಟಿನಲ್ಲಿ ಉದುರುತ್ತದೆ. ಕನ್ನಡದಲ್ಲಿ ಕೈಪಿಡಿ ಕೊಡಿ ಎಂದು ಕೇಳುವುದು ನಮ್ಮ ಹಕ್ಕು, ಕೇಳುತ್ತಲೇ ಇರಬೇಕು. ಆದರೆ ಕೈಪಿಡಿ ಬರುವವರೆಗೆ ಸದ್ದಿಲ್ಲದ ಯಂತ್ರದ ಮುಂದೆ ಮಗುವನ್ನು ಕೂರಿಸುವುದೇ? ಮೇಲೆ ನಾವು ಬರೆದದ್ದರಲ್ಲಿ ಕನ್ನಡಕ್ಕೆ ಒಗ್ಗದ ಸಂಗತಿ ಯಾವುದಿತ್ತು ಹೇಳಿ. ಬಾಯಿ ಮುಚ್ಚಿದೆ, ದಾರಿ ತಪ್ಪಿದೆ, ತೂತು ಸುಳ್ಳು ಹೇಳುತ್ತಿದೆ. ನಮ್ಮ ಮಕ್ಕಳಿಗೆ ಅರ್ಥವಾಗಲು ಇದಕ್ಕಿಂತ ದೊಡ್ಡ ಪರಿಭಾಷೆ ಬೇಡ.

ಸದ್ದಿಲ್ಲದಿದ್ದರೂ ಪಾಠ ನಡೆಯುತ್ತದಲ್ಲ ಎನ್ನುವವರೂ ಇದ್ದಾರೆ. ಓದು ಬರುವ ಮಗುವಿಗೆ ನಡೆಯುತ್ತದೆ. ಓದು ಇನ್ನೂ ಬಾರದ ಮಗುವಿಗೆ ಕಿವಿಯೇ ಬಾಗಿಲು. ದುಡ್ಡಿರುವ ಮನೆಯ ಮಗು ಸಂಜೆ ಮೊಬೈಲಿನಲ್ಲಿ ಕೇಳಿಕೊಳ್ಳುತ್ತದೆ. ಬೀಡಿ ಕಟ್ಟುವ ಮನೆಯ ಮಗುವಿಗೆ ಕೇಳುವುದು ನಮ್ಮ ಕೋಣೆಯ ಆ ಸ್ಪೀಕರಿನಲ್ಲಿ ಮಾತ್ರ.

ಫಾರ್ಮ್ಯಾಟ್ ಎಂದೂ ಬೇಡ ಎನ್ನುತ್ತಿಲ್ಲ. ಆದರೆ ಅದಕ್ಕೆ ಮೊದಲು ಹತ್ತು ನಿಮಿಷದ ಪರೀಕ್ಷೆ ಒಂದಿದೆ. ಉಬುಂಟು ಇರುವ ಪೆನ್‌ಡ್ರೈವಿನಿಂದ ಯಂತ್ರವನ್ನು ಏಳಿಸಿ, ಇನ್‌ಸ್ಟಾಲ್ ಮಾಡದೆ ಸುಮ್ಮನೆ ಓಡಿಸಿ ನೋಡಿ. ಡಿಸ್ಕನ್ನು ಅದು ಮುಟ್ಟುವುದಿಲ್ಲ. ಅಲ್ಲೂ ಸದ್ದಿಲ್ಲವೆಂದರೆ ದೋಷ ಹೆಚ್ಚಾಗಿ ತೂತು, ವೈರು, ಸ್ಪೀಕರಿನಲ್ಲಿ, ಫಾರ್ಮ್ಯಾಟಿನಿಂದ ನಯಾಪೈಸೆ ಪ್ರಯೋಜನ ಇಲ್ಲ. ಅಲ್ಲಿ ಸದ್ದು ಬಂದರೆ ಯಂತ್ರ ಗಟ್ಟಿ ಇದೆ, ಕೆಟ್ಟಿರುವುದು ಸೆಟ್ಟಿಂಗ್ಸು. ಆಗ ಯಂತ್ರದಲ್ಲಿ ಹೊಸ ಬಳಕೆದಾರನ ಖಾತೆ ತೆರೆದು ನೋಡಿ. ಅಲ್ಲಿ ಸದ್ದು ಇದ್ದರೆ ಹಳೆಯ ಖಾತೆಯ ನೆನಪಿನಲ್ಲಿ ಮಾತ್ರ ತೊಡಕು, ಅಷ್ಟನ್ನೇ ಸರಿಮಾಡಿದರೆ ಸಾಕು.

ನಮ್ಮ ಗಣಕದ ಕೋಣೆಯಲ್ಲಿ ಈಗ ಒಂದು ನೂರು ಪುಟದ ನೋಟುಪುಸ್ತಕ ತೂಗುತ್ತಿದೆ, ದಾರದಲ್ಲಿ ಪೆನ್ಸಿಲ್ ಕಟ್ಟಿ. ಯಾವ ಯಂತ್ರ, ಏನಾಯಿತು, ಏನು ಮಾಡಿದಾಗ ಸರಿಯಾಯಿತು ಎಂದು ಮಕ್ಕಳೇ ಬರೆಯುತ್ತಾರೆ. ಕಾಗುಣಿತ ನೋಡಿದರೆ ಅಳು ಬರುತ್ತದೆ, ವಿಷಯ ನೋಡಿದರೆ ಖುಷಿಯಾಗುತ್ತದೆ. ಕಾರಣ ಬರೆಯದೆ ಫಾರ್ಮ್ಯಾಟ್ ಇಲ್ಲ, ಪ್ರತಿ ತೆಗೆಯದೆ ಫಾರ್ಮ್ಯಾಟ್ ಇಲ್ಲ ಎಂದು ಬಾಗಿಲಿಗೆ ಕಾಗದ ಅಂಟಿಸಿದ್ದೇವೆ. ಮೊನ್ನೆ ಅದೇ ರಿಪೇರಿಯ ಹುಡುಗ ಬಂದಿದ್ದ. ಕಾಗದ ಓದಿದ, ತಲೆ ಕೆರೆದುಕೊಂಡ, ನೋಟುಪುಸ್ತಕ ತಿರುವಿದ. "ಸರ್, ಇದರ ಒಂದು ಫೋಟೋ ತೆಗೆದುಕೊಳ್ಳಲಾ? ಬೇರೆ ಶಾಲೆಯಲ್ಲೂ ಇದೇ ಕಂಪ್ಲೇಂಟು" ಎಂದ. ತೆಗೆದುಕೋ ಎಂದೆವು.

ಅಜ್ಜಿಯಂದಿರಲ್ಲಿ ಇನ್ನೂ ಕೆಲವರು ಇದ್ದಾರೆ. ಬರುವ ಶನಿವಾರ ಹೆಡ್‌ಫೋನ್ ಹಿಡಿದುಕೊಂಡು ಅವರ ಮನೆಗಳಿಗೆ ಹೊರಟಿದ್ದೇವೆ, ಈ ಸಲ ಎರಡು ಪೆನ್‌ಡ್ರೈವಿನೊಂದಿಗೆ.